ಕಾರು ಕಂಪನಿಯ ಕೆಲಸ ಹೋದರೆ ಸರ್ಕಾರದಿಂದ ಏನು ಸಿಗುತ್ತದೆ?

ಪ್ರಶ್ನೆ: ಸರ್, ನಾವು ಸೋಮವಾರಪೇಟೆ ಕಡೆಯವರು. ನಮ್ಮ ಯಜಮಾನರು ಐಟಿಐ ಮುಗಿಸಿ ಬಿಡದಿಯ ಒಂದು ಕಾರಿನ ಬಿಡಿಭಾಗ ಕಂಪನಿ ಸೇರಿ 11 ವರ್ಷವಾಯಿತು. ಪರ್ಮನೆಂಟ್ ಆಪರೇಟರ್. ಸಂಬಳ 20,800, ಅದರಲ್ಲಿ ಬೇಸಿಕ್ ಮತ್ತು ಡಿಎ ಸೇರಿ 15,600. ಇಎಸ್‌ಐ, ಪಿಎಫ್ ಎರಡೂ ಇದೆ. ಕಂಪನಿಯಲ್ಲಿ ಸುಮಾರು 220 ಜನ ಇದ್ದಾರೆ. ಇವರು ಮಾಡುವುದು ಎಂಜಿನ್‌ಗೆ ಹೋಗುವ ಭಾಗ. ಎಲೆಕ್ಟ್ರಿಕ್ ಕಾರು ಬಂದಮೇಲೆ ಆರ್ಡರ್ ಕಡಿಮೆ ಆಗಿದೆ ಅಂತ ಎಚ್‌ಆರ್‌ನವರು ಒಬ್ಬೊಬ್ಬರನ್ನೇ ಕರೆದು, ‘ರಾಜೀನಾಮೆ ಬರೆದುಕೊಡಿ, ಮೂರು ತಿಂಗಳ ಸಂಬಳ ಕೊಡ್ತೀವಿ, ಗ್ರಾಚ್ಯುಟಿನೂ ಕೊಡ್ತೀವಿ’ ಅನ್ನುತ್ತಿದ್ದಾರಂತೆ. ನಮ್ಮ ಮೈದುನನೂ ಅಲ್ಲೇ ಎರಡು ವರ್ಷದಿಂದ ಟ್ರೈನಿ. ಅವನಿಗೆ ನಾಳೆಯಿಂದ ಬರಬೇಡ ಅಂದಿದ್ದಾರೆ. ಆಸ್ಟ್ರೇಲಿಯಾದಲ್ಲಿ ಕಾರು ಕಂಪನಿ ಮುಚ್ಚಿದಾಗ ಸರ್ಕಾರವೇ ಕೆಲಸಗಾರರಿಗೆ ನೆರವು ಕೊಟ್ಟಿತು ಅಂತ ಅಲ್ಲಿರುವ ಸಂಬಂಧಿಕರು ಹೇಳಿದರು. ನಮ್ಮ ಸರ್ಕಾರದಿಂದ ಏನಾದರೂ ಸಿಗುತ್ತದಾ? ಮನೆಯಲ್ಲಿ ಒಂದೂವರೆ ಎಕರೆ ಕಾಫಿ ಇದೆ. ‘ಬಿಟ್ಟು ಬಾ, ತೋಟ ನೋಡ್ಕೋ’ ಅಂತ ಮಾವ ಹೇಳುತ್ತಿದ್ದಾರೆ. ಏನು ಮಾಡೋಣ?

ಉತ್ತರ:

ಮೊದಲು ಒಂದು ಮಾತು. ನಿಮ್ಮ ಯಜಮಾನರು ಇನ್ನೂ ಸಹಿ ಹಾಕಿಲ್ಲ ಅಂದರೆ, ಹಾಕಬೇಡಿ ಅಂತ ಇವತ್ತೇ ಫೋನ್ ಮಾಡಿ ಹೇಳಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ನಮ್ಮಲ್ಲಿ ಸರ್ಕಾರದ ನೆರವು ಇದೆ. ಧಾರಾಳವಾಗಿಲ್ಲ, ಸುಲಭವಾಗಿ ಕೈಗೆ ಬರುವುದೂ ಇಲ್ಲ, ಆದರೆ ಇದೆ. ಅದು ಸಿಗುತ್ತದೋ ಇಲ್ಲವೋ ಅನ್ನುವುದು ಕೆಲಸ ಹೋಯಿತಾ ಅನ್ನುವುದರ ಮೇಲೆ ನಿಂತಿಲ್ಲ, ಹೇಗೆ ಹೋಯಿತು ಅಂತ ಕಾಗದದಲ್ಲಿ ಏನು ಬರೆದಿದೆ ಅನ್ನುವುದರ ಮೇಲೆ ನಿಂತಿದೆ. ಕಂಪನಿ ತಾನೇ ತೆಗೆದರೆ ಅದು ರಿಟ್ರೆಂಚ್‌ಮೆಂಟ್. ಕೆಲಸಗಾರ ತಾನೇ ಬಿಟ್ಟರೆ ರಾಜೀನಾಮೆ. ಎರಡರಲ್ಲೂ ಮನುಷ್ಯ ಮನೆಗೇ ಬರುತ್ತಾನೆ, ಆದರೆ ಕೈಗೆ ಸಿಗುವ ಹಣದಲ್ಲಿ ಲಕ್ಷಗಳ ವ್ಯತ್ಯಾಸ ಆಗುತ್ತದೆ.

ಇಂಥ ಪತ್ರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎಲ್ಲ ಹೆಚ್ಚು ಕಮ್ಮಿ ಒಂದೇ ಥರ ಇರುತ್ತವೆ. ‘ನನ್ನ ವೈಯಕ್ತಿಕ ಕಾರಣಗಳಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ ಕೆಲಸಕ್ಕೆ ರಾಜೀನಾಮೆ ನೀಡುತ್ತಿದ್ದೇನೆ.’ ಹೆಸರು, ಟೋಕನ್ ನಂಬರ್, ದಿನಾಂಕದ ಜಾಗ ಖಾಲಿ. ಕೆಳಗೆ ಇನ್ನೊಂದು ಸಾಲು: ‘ಕಂಪನಿಯಿಂದ ನನಗೆ ಬರಬೇಕಾದ ಬಾಕಿ ಯಾವುದೂ ಇಲ್ಲ.’ ಟೈಪ್ ಮಾಡಿದ್ದು ಕಂಪನಿ, ಜೆರಾಕ್ಸ್ ಮಾಡಿದ್ದು ಕಂಪನಿ. ಮಾತು ಮಾತ್ರ ಕೆಲಸಗಾರನದು ಅನ್ನುವ ಹಾಗೆ ಇರುತ್ತದೆ. ಇದಕ್ಕೆ ಸಹಿ ಬಿದ್ದರೆ ಮುಂದೆ ಇಎಸ್‌ಐಯವರು ಕೇಳಿದರೂ, ಲೇಬರ್ ಆಫೀಸರ್ ಕೇಳಿದರೂ ಕಂಪನಿ ತೋರಿಸುವುದು ಈ ಹಾಳೆಯನ್ನೇ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ.

‘ಗ್ರಾಚ್ಯುಟಿನೂ ಕೊಡ್ತೀವಿ’ ಅಂದರಲ್ಲ, ಅದು ಉಪಕಾರ ಅಲ್ಲ. 5 ವರ್ಷ ತುಂಬಿದ ಯಾರಿಗೇ ಆದರೂ, ರಾಜೀನಾಮೆ ಕೊಟ್ಟವರಿಗೂ, ಗ್ರಾಚ್ಯುಟಿ ಕೊಡಲೇಬೇಕು. ಬೇಸಿಕ್ ಮತ್ತು ಡಿಎಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳ ಸಂಖ್ಯೆಯಿಂದ ಗುಣಿಸಬೇಕು. 15,600ಕ್ಕೆ ದಿನಕ್ಕೆ 600 ಬಂತು, 15 ದಿನಕ್ಕೆ 9,000, 11 ವರ್ಷಕ್ಕೆ 99,000. ಈ ಹಣ ಹೇಗೂ ನಿಮ್ಮದೇ. ಪಿಎಫ್ ಕೂಡ ಹಾಗೇ. ಆದ್ದರಿಂದ ಎರಡನ್ನೂ ಲೆಕ್ಕದಿಂದ ಪಕ್ಕಕ್ಕಿಡಿ. ಕಂಪನಿ ಹೊಸದಾಗಿ ಕೊಡುತ್ತೇನೆ ಅಂತಿರುವುದು ಮೂರು ತಿಂಗಳ ಸಂಬಳ ಮಾತ್ರ, ಅಂದರೆ 62,400.

ಅದೇ ರಿಟ್ರೆಂಚ್‌ಮೆಂಟ್ ಆದರೆ? ಒಂದು ತಿಂಗಳ ನೋಟಿಸ್, ಇಲ್ಲವೇ ಅದರ ಬದಲು ಸಂಬಳ. ತುಂಬಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನದಂತೆ ಪರಿಹಾರ. ಇದು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಹೊಸ ಸಂಹಿತೆಯಲ್ಲಿ ಇನ್ನೊಂದು ಸೇರಿದೆ: ತೆಗೆದುಹಾಕಿದ ಪ್ರತಿ ಕೆಲಸಗಾರನಿಗೆ ಅವನ ಕೊನೆಯ 15 ದಿನದ ವೇತನದಷ್ಟು ಹಣವನ್ನು ಮಾಲೀಕರು ಮರುಕೌಶಲ ನಿಧಿಗೆ ಕಟ್ಟಬೇಕು. ಅದು 45 ದಿನದೊಳಗೆ ಕೆಲಸಗಾರನ ಖಾತೆಗೆ ಬರಬೇಕು. ಬೇಸಿಕ್ ಮತ್ತು ಡಿಎ ಮಾತ್ರ ಹಿಡಿದು ಲೆಕ್ಕ ಹಾಕಿದರೂ ಪರಿಹಾರ 85,800, ನೋಟಿಸ್ ಸಂಬಳ 15,600, ನಿಧಿಯಿಂದ 7,800. ಒಟ್ಟು 1,09,200. ಇಲ್ಲಿಗೇ ಅವರ 62,400 ಹಿಂದೆ ಬಿತ್ತು. ಆದರೆ ದೊಡ್ಡ ಮೊತ್ತ ಇದಲ್ಲ. ಅದು ಇಎಸ್‌ಐಯಲ್ಲಿದೆ.

ಇಎಸ್‌ಐ ಅಂದರೆ ಆಸ್ಪತ್ರೆ, ಮಾತ್ರೆ ಅಷ್ಟೇ ಅಂದುಕೊಂಡವರೇ ಜಾಸ್ತಿ. ಪ್ರತಿ ತಿಂಗಳು ನಿಮ್ಮ ಯಜಮಾನರ ಸಂಬಳದಲ್ಲಿ ಶೇ 0.75 ಕಡಿತ ಆಗುತ್ತದೆ, ಕಂಪನಿ ಶೇ 3.25 ಹಾಕುತ್ತದೆ. ಈ ಹಣಕ್ಕೆ ನಿರುದ್ಯೋಗ ಭತ್ಯೆಯೂ ಸೇರಿದೆ. ಅದರಲ್ಲಿ ಎರಡು ಯೋಜನೆ ಇವೆ. ಜನರಿಗೆ ಹೋಗಲಿ, ಕೆಲವೊಮ್ಮೆ ಕೌಂಟರಿನಲ್ಲಿ ಕೂತವರಿಗೂ ಇವೆರಡು ಕಲಸಿಹೋಗಿರುತ್ತವೆ. ಅದಕ್ಕೇ ಹೆಸರು ಹಿಡಿದು ಕೇಳಬೇಕು.

ಒಂದು, ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ. 2005ರ ಏಪ್ರಿಲ್ 1ರಿಂದ ಇದೆ. ಕನಿಷ್ಠ 2 ವರ್ಷ ಇಎಸ್‌ಐ ಕಟ್ಟಿದವರಿಗೆ, ಕಾರ್ಖಾನೆ ಮುಚ್ಚಿ ಅಥವಾ ರಿಟ್ರೆಂಚ್‌ಮೆಂಟ್ ಆಗಿ ಕೆಲಸ ಹೋದರೆ 24 ತಿಂಗಳವರೆಗೆ ಭತ್ಯೆ. ಮೊದಲ 12 ತಿಂಗಳು ವೇತನದ ಅರ್ಧ, ಆಮೇಲಿನ 12 ತಿಂಗಳು ಕಾಲು ಭಾಗ. ಆ ಅವಧಿಯಲ್ಲಿ ಮನೆಮಂದಿಗೆ ಇಎಸ್‌ಐ ಚಿಕಿತ್ಸೆಯೂ ಮುಂದುವರಿಯುತ್ತದೆ, ಹೊಸ ಕೆಲಸ ಕಲಿಯಲು ತರಬೇತಿಗೂ ಅವಕಾಶ ಇದೆ. ನಿಮ್ಮ ಲೆಕ್ಕದಲ್ಲಿ ಮೊದಲ ವರ್ಷ ತಿಂಗಳಿಗೆ ಸುಮಾರು 10,400, ಎರಡನೇ ವರ್ಷ ಸುಮಾರು 5,200. ಎರಡು ವರ್ಷವೂ ಕೆಲಸ ಸಿಗದಿದ್ದರೆ ಒಟ್ಟು 1,87,200ರ ಆಸುಪಾಸು. ನಡುವೆ ಕೆಲಸ ಸಿಕ್ಕರೆ ಅಲ್ಲಿಗೆ ನಿಲ್ಲುತ್ತದೆ.

ಇನ್ನೊಂದು, ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. 2018ರ ಜುಲೈಯಲ್ಲಿ ಶುರುವಾಯಿತು. ಮೊದಲು ಭತ್ಯೆ ವೇತನದ ಕಾಲು ಭಾಗ ಇತ್ತು, ಕೊರೊನಾ ಕಾಲದಲ್ಲಿ 2020ರಲ್ಲಿ ಅರ್ಧಕ್ಕೆ ಏರಿಸಿದರು. ಹೆಚ್ಚೆಂದರೆ 90 ದಿನ, ಅದೂ ಜೀವನದಲ್ಲಿ ಒಂದೇ ಸಲ. ನಿಮಗೆ ಸುಮಾರು 31 ಸಾವಿರ ಬರಬಹುದು. ಇದರ ಅನುಕೂಲ ಏನೆಂದರೆ, ಕಂಪನಿ ಹಿಂದೆ ಅಲೆಯದೆ ಕೆಲಸಗಾರನೇ ಇಎಸ್‌ಐ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬಹುದು, ಹಣ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಇದನ್ನು ಆಗಾಗ ಅವಧಿ ಮುಂದುವರಿಸುತ್ತಾ ಬಂದಿದ್ದಾರೆ. ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿದೆಯಾ ಅಂತ ಕೇಳಿಕೊಳ್ಳಿ. ಒಂದೇ ಅವಧಿಗೆ ಎರಡೂ ಯೋಜನೆಯಿಂದ ಹಣ ತೆಗೆದುಕೊಳ್ಳಲು ಆಗುವುದಿಲ್ಲ. ನಿಮ್ಮ ಯಜಮಾನರಿಗೆ ಮೊದಲನೆಯದೇ ಲಾಭ. ಎರಡನೆಯದನ್ನು ಅವಸರದಲ್ಲಿ ಹಾಕಿ ಮುಗಿಸಬೇಡಿ.

ಸ್ವಇಚ್ಛೆಯಿಂದ ಬಿಟ್ಟವರಿಗೆ, ವಿಆರ್‌ಎಸ್ (ಸ್ವಯಂ ನಿವೃತ್ತಿ) ತೆಗೆದುಕೊಂಡವರಿಗೆ ಈ ಭತ್ಯೆ ಇಲ್ಲ. ಈಗ ಆ ಜೆರಾಕ್ಸ್ ಹಾಳೆಯ ಬೆಲೆ ಎಷ್ಟು ಅಂತ ಗೊತ್ತಾಯಿತಲ್ಲ? ಒಂದು ಕಡೆ 62,400. ಇನ್ನೊಂದು ಕಡೆ 1,09,200 ಖಚಿತ, ಕೆಲಸ ಸಿಗದೆ ಹೋದರೆ ಭತ್ಯೆಯೂ ಸೇರಿ ಮೂರು ಲಕ್ಷದ ಹತ್ತಿರ.

ಹಾಗಂತ ರಾಜೀನಾಮೆಯ ಪ್ಯಾಕೇಜ್ ಯಾವತ್ತೂ ತಪ್ಪು ಅಂತಲ್ಲ. ಕಂಪನಿ ದೊಡ್ಡ ಮೊತ್ತ ಕೊಡುತ್ತದೆ ಅಂದರೆ ಕೂತು ಲೆಕ್ಕ ಹಾಕಬೇಕು. ಚೆನ್ನೈ ಹತ್ತಿರ ಮರೈಮಲೈ ನಗರದ ಫೋರ್ಡ್ ಕಾರ್ಖಾನೆ ಮುಚ್ಚಿದಾಗ ಯೂನಿಯನ್ನಿನವರು ತಿಂಗಳುಗಟ್ಟಲೆ ಮಾತುಕತೆ ನಡೆಸಿ, ಸೇವೆಯ ಪ್ರತಿ ವರ್ಷಕ್ಕೆ 100 ದಿನಕ್ಕೂ ಹೆಚ್ಚಿನ ಸಂಬಳದ ಸೆಟ್ಲ್‌ಮೆಂಟ್ ಪಡೆದರು. ಕಾನೂನು ಹೇಳುವುದು 15 ದಿನ. ಅಂಥ ಮೊತ್ತ ಎದುರಿಗಿದ್ದರೆ ಸಹಿ ಹಾಕಬಹುದು. ಮೂರು ತಿಂಗಳ ಸಂಬಳಕ್ಕೆ 11 ವರ್ಷದ ಸರ್ವಿಸ್ ಬರೆದುಕೊಡುವುದು ನನಗೆ ಒಪ್ಪಿಗೆಯಿಲ್ಲ.

ಒತ್ತಡ ಹಾಕುವ ದಾರಿಗಳು ಬೇರೆಯೂ ಇವೆ. ‘ಸಹಿ ಹಾಕದಿದ್ದರೆ ಪುಣೆಗೆ ಟ್ರಾನ್ಸ್‌ಫರ್’ ಅನ್ನಬಹುದು. ಗೇಟಿನಲ್ಲಿ ಪಂಚ್ ಆಗದಂತೆ ಮಾಡಬಹುದು. ಗೇಟಿನಲ್ಲಿ ತಡೆದರೆ ಅವತ್ತೇ ‘ಕೆಲಸಕ್ಕೆ ಬಂದಿದ್ದೇನೆ, ಒಳಗೆ ಬಿಡುತ್ತಿಲ್ಲ’ ಅಂತ ಎಚ್‌ಆರ್‌ಗೆ ಇಮೇಲ್ ಹಾಕಿ. ಹಾಗೆ ಮಾಡದಿದ್ದರೆ ನಾಳೆ ‘ತಾನೇ ಕೆಲಸ ಬಿಟ್ಟು ಹೋದ’ ಅಂತ ಬರೆಯುತ್ತಾರೆ. ‘ಆರ್ಡರ್ ಇಲ್ಲ, ಸ್ವಲ್ಪ ದಿನ ಮನೆಯಲ್ಲಿರಿ’ ಅಂದರೆ ಅದು ಲೇ-ಆಫ್. ಆ ದಿನಗಳಿಗೆ ಬೇಸಿಕ್ ಮತ್ತು ಡಿಎಯ ಅರ್ಧ ಕೊಡಬೇಕು. ಸುಮ್ನೆ ಕಳಿಸುವ ಹಾಗಿಲ್ಲ.

ಒಂದು ವೇಳೆ ಈಗಾಗಲೇ ಸಹಿ ಆಗಿದ್ದರೆ? ರಾಜೀನಾಮೆ ಅಂಗೀಕಾರ ಆಗಿ ಜಾರಿಗೆ ಬರುವ ಮುಂಚೆ ಹಿಂದಕ್ಕೆ ಪಡೆಯಬಹುದು. ‘ಒತ್ತಡದಲ್ಲಿ ಸಹಿ ಹಾಕಿದ್ದೆ, ಹಿಂದಕ್ಕೆ ಪಡೆಯುತ್ತಿದ್ದೇನೆ, ಕೆಲಸಕ್ಕೆ ಸಿದ್ಧನಿದ್ದೇನೆ’ ಅಂತ ನಾಲ್ಕು ಸಾಲು ಬರೆದು ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ ರಸೀದಿ ಇಟ್ಟುಕೊಳ್ಳಿ. ಈ ವಿಷಯದಲ್ಲಿ ಒಂದೊಂದು ದಿನವೂ ಮುಖ್ಯ.

ನೀವು 220 ಜನ ಅಂತ ಬರೆದದ್ದು ಒಳ್ಳೆಯದಾಯಿತು, ಯಾಕೆಂದರೆ ಆ ಸಂಖ್ಯೆಯ ಮೇಲೆ ಒಂದು ದೊಡ್ಡ ವಿಷಯ ನಿಂತಿದೆ. ಹಳೆಯ ಕಾಯ್ದೆಯಲ್ಲಿ 100 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆ ಜನರನ್ನು ತೆಗೆಯಲು, ಬಾಗಿಲು ಹಾಕಲು ಸರ್ಕಾರದ ಅನುಮತಿ ಬೇಕಿತ್ತು. ಹೊಸ ಸಂಹಿತೆ ಆ ಮಿತಿಯನ್ನು 300ಕ್ಕೆ ಏರಿಸಿದೆ. ನಿಮ್ಮ ಕಂಪನಿ ಈಗ ಅನುಮತಿ ಕೇಳಬೇಕಾಗಿಲ್ಲ. ಪೂರ್ತಿ ಮುಚ್ಚುವುದಾದರೆ 60 ದಿನ ಮೊದಲು ಸರ್ಕಾರಕ್ಕೆ ನೋಟಿಸ್ ಕೊಟ್ಟರೆ ಸಾಕು. ಕಾರಿನ ಬಿಡಿಭಾಗ ಮಾಡುವ ಸಣ್ಣ, ಮಧ್ಯಮ ಕಾರ್ಖಾನೆಗಳು ಎಷ್ಟೋ ಈ ನಡುವಿನ ಅಂತರದಲ್ಲೇ ಇವೆ. ಅಲ್ಲಿನ ಕೆಲಸಗಾರರಿಗೆ ಇದ್ದ ಒಂದು ಗುರಾಣಿ ಹೋಯಿತು. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಅನುಮತಿ ಬೇಕಾಗಿದ್ದಾಗ ಸರ್ಕಾರ ಕನಿಷ್ಠ ಮಧ್ಯೆ ಬಂದು ಕೂರುತ್ತಿತ್ತು, ಮಾತುಕತೆಗೆ ಸಮಯ ಸಿಗುತ್ತಿತ್ತು.

ಅನುಮತಿ ಬೇಡ ಅಂದಮಾತ್ರಕ್ಕೆ ಉಳಿದ ನಿಯಮ ಹೋಗಿಲ್ಲ. ಒಂದೇ ಬಗೆಯ ಕೆಲಸ ಮಾಡುವವರಲ್ಲಿ ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು ಅನ್ನುವುದು ಸಾಮಾನ್ಯ ನಿಯಮ. ಬೇರೆ ಥರ ಮಾಡಿದರೆ ಕಾರಣ ಬರೆದಿಡಬೇಕು. ಒಂದು ವರ್ಷದೊಳಗೆ ಮತ್ತೆ ಜನ ಬೇಕಾದರೆ ತೆಗೆದವರಿಗೇ ಮೊದಲು ಅವಕಾಶ. ತಕರಾರು ಇದ್ದರೆ ಲೇಬರ್ ಆಫೀಸರ್ ಮುಂದೆ ಅರ್ಜಿ ಹಾಕಬೇಕು. ಹಳೆಯ ಕಾಯ್ದೆಯಲ್ಲಿ ಇದಕ್ಕೆ 3 ವರ್ಷ ಸಮಯ ಇತ್ತು, ಈಗ 2 ವರ್ಷ. ಊರಿಗೆ ಬಂದಮೇಲೆ ಮಡಿಕೇರಿಯ ಲೇಬರ್ ಆಫೀಸಿಗೆ ಹೋಗುವವರು ಬಹಳ. ಅಲ್ಲಿ ಮಾಹಿತಿ ಸಿಗಬಹುದು, ಆದರೆ ಕಾರ್ಖಾನೆ ಇರುವುದು ಬಿಡದಿಯಲ್ಲಿ. ಅರ್ಜಿ ಹೋಗಬೇಕಾದದ್ದು ರಾಮನಗರದ ಕಚೇರಿಗೆ. ಕೊಡಗಿನಲ್ಲಿ ರೈಲೂ ಇಲ್ಲ. ಸೋಮವಾರಪೇಟೆಯಿಂದ ಅಲ್ಲಿಗೆ ಹಿಯರಿಂಗ್‌ಗೆ ಹೋಗಿಬರುವುದು ಒಂದು ದಿನದ ಕೂಲಿ, ಬಸ್ಸಿನ ಖರ್ಚು. ಈ ಅಲೆದಾಟಕ್ಕೇ ಎಷ್ಟೋ ಜನ ಕೇಸು ಕೈಬಿಡುತ್ತಾರೆ. ಆದ್ದರಿಂದಲೇ ಬಿಡದಿಯ ರೂಮ್ ಖಾಲಿ ಮಾಡುವ ಮುಂಚೆ, ಅಲ್ಲಿರುವಾಗಲೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ ಅನ್ನುತ್ತೇನೆ.

ಮೈದುನನ ವಿಷಯ ಬರೆಯುವಾಗ ಮನಸ್ಸಿಗೆ ಕಷ್ಟವಾಗುತ್ತದೆ. ಕುಶಾಲನಗರ, ವಿರಾಜಪೇಟೆ ಕಡೆಯಿಂದ ಐಟಿಐ, ಡಿಪ್ಲೊಮಾ ಮುಗಿಸಿ ಬಿಡದಿಗೆ, ಹೊಸಕೋಟೆಗೆ ಹೋಗುವ ಹುಡುಗರು ಮೊದಲು ಸೇರುವುದೇ ಟ್ರೈನಿಯಾಗಿ. ಕಾರಿನ ಮಾರಾಟ ಇಳಿದರೆ ಮೊದಲು ಹೊರಗೆ ಬರುವವರೂ ಇವರೇ. ಇವರಿಗೆ ಪರಿಹಾರವಿಲ್ಲ, ನೋಟಿಸ್ ಇಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಣಿಯಾದವರು ಕಾನೂನಿನ ಕಣ್ಣಿನಲ್ಲಿ ಕಲಿಯುವವರು, ಕೆಲಸಗಾರರಲ್ಲ. ಸ್ಟೈಪೆಂಡ್ ನಿಂತರೆ ಎಲ್ಲ ನಿಂತ ಹಾಗೆ.

ಆದರೂ ಎರಡು ವಿಷಯ ನೋಡಿ. ಅವನ ಪೇ ಸ್ಲಿಪ್ಪಿನಲ್ಲಿ ಇಎಸ್‌ಐ ನಂಬರ್, ಪಿಎಫ್‌ನ ಯುಎಎನ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರ್) ಇದೆಯಾ? ಇದ್ದರೆ ಅವನು ಅಪ್ರೆಂಟಿಸ್ ಅಲ್ಲ, ಹೆಸರಿಗೆ ಮಾತ್ರ ಟ್ರೈನಿ, ಬಹುಶಃ ಕಾಂಟ್ರ್ಯಾಕ್ಟರ್ ಕಡೆಯಿಂದ ಸೇರಿದವನು. ಹಾಗಿದ್ದರೆ 90 ದಿನದ ಅಟಲ್ ಯೋಜನೆಗೆ ಅರ್ಜಿ ಹಾಕಲಿ. ಎರಡನೆಯದು, ಅವನು ನಿಜವಾಗಿ ಮಾಡುತ್ತಿದ್ದ ಕೆಲಸ ಏನು? ಮೂರು ಶಿಫ್ಟ್‌ನಲ್ಲಿ, ಒಬ್ಬನೇ ಮಿಷನ್ ನಡೆಸಿ, ಪರ್ಮನೆಂಟ್‌ನವರ ಹಾಗೇ ಪ್ರೊಡಕ್ಷನ್ ಕೊಟ್ಟಿದ್ದರೆ, ತರಬೇತಿ ಅನ್ನುವುದು ಬರೀ ಹೆಸರು. ಕಾರ್ಮಿಕ ನ್ಯಾಯಾಲಯ ಕಾಗದದ ಹೆಸರಿಗಿಂತ ಕೆಲಸದ ಸ್ವರೂಪ ನೋಡುತ್ತದೆ. ಅದಕ್ಕೆ ಸಾಕ್ಷಿ ಬೇಕು: ಶಿಫ್ಟ್ ಚಾರ್ಟಿನ ಫೋಟೊ, ಸೂಪರ್‌ವೈಸರ್ ವಾಟ್ಸಾಪಿನಲ್ಲಿ ಕಳಿಸಿದ ಟಾರ್ಗೆಟ್, ಬ್ಯಾಂಕ್ ಸ್ಟೇಟ್‌ಮೆಂಟ್. ಮೊಬೈಲ್ ಬದಲಿಸುವ ಮುಂಚೆ ಇವನ್ನೆಲ್ಲ ಉಳಿಸಿಕೊಳ್ಳಲಿ.

‘ಯುವನಿಧಿ ಬರಲ್ವಾ?’ ಅಂತ ನೀವು ಕೇಳಬಹುದು. ಕರ್ನಾಟಕ ಸರ್ಕಾರದ ಯುವನಿಧಿ ಹೊಸದಾಗಿ ಓದು ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500. ಐಟಿಐ ಓದಿದವರಿಗೆ ಇಲ್ಲ. ಕೆಲಸ ಇದ್ದು ಕಳೆದುಕೊಂಡವರಿಗಾಗಿ ಮಾಡಿದ ಯೋಜನೆಯೂ ಅದಲ್ಲ. ಇ-ಶ್ರಮ್ ಕಾರ್ಡಿನಿಂದಲೂ ನಿರುದ್ಯೋಗ ಭತ್ಯೆ ಬರುವುದಿಲ್ಲ.

ಪಿಎಫ್ ಬಗ್ಗೆ ಒಂದು ಎಚ್ಚರಿಕೆ. ಕೆಲಸ ಹೋದ ಕೂಡಲೇ ಎಲ್ಲವನ್ನೂ ತೆಗೆದುಬಿಡುವ ಆತುರ ಬೇಡ. ಪೂರ್ತಿ ಹಣ ತೆಗೆಯಲು ಮೊದಲು 2 ತಿಂಗಳು ಕಾದರೆ ಸಾಕಿತ್ತು. 2025ರ ಅಕ್ಟೋಬರ್‌ನಲ್ಲಿ ಪಿಎಫ್ ಮಂಡಳಿ ಅದನ್ನು 12 ತಿಂಗಳಿಗೆ ಏರಿಸಲು ತೀರ್ಮಾನಿಸಿತು, ಆದರೆ ಶೇ 75ರಷ್ಟನ್ನು ಬೇಗನೆ ತೆಗೆಯಬಹುದು ಅಂದಿತು. ನಿಮ್ಮ ಯಜಮಾನರಿಗೆ 10 ವರ್ಷ ದಾಟಿದೆ, ಹಾಗಾಗಿ 58ಕ್ಕೆ ಪಿಂಚಣಿ ಹಕ್ಕು ಬಂದಿದೆ. ಪಿಂಚಣಿಗೆ ಲೆಕ್ಕವಾಗುವ ಸೇವೆಯನ್ನು ದಾಖಲಿಸುವ ಸ್ಕೀಮ್ ಸರ್ಟಿಫಿಕೇಟ್ ತೆಗೆದಿಟ್ಟುಕೊಳ್ಳಲಿ. ಮುಂದೆ ಬೇರೆ ಕಡೆ ಸೇರಿದರೆ ಅದೇ ಯುಎಎನ್ ಕೊಡಲಿ.

ಇನ್ನು ಆಸ್ಟ್ರೇಲಿಯಾ. ನಿಮ್ಮ ಸಂಬಂಧಿಕರು ಹೇಳಿದ್ದು ನಿಜ. 2013ರ ಮೇನಲ್ಲಿ ಫೋರ್ಡ್, ಡಿಸೆಂಬರ್‌ನಲ್ಲಿ ಹೋಲ್ಡನ್, 2014ರ ಫೆಬ್ರುವರಿಯಲ್ಲಿ ಟೊಯೋಟಾ ಅಲ್ಲಿ ಕಾರು ತಯಾರಿಕೆ ನಿಲ್ಲಿಸುತ್ತೇವೆ ಎಂದವು. ಬಾಗಿಲು ಹಾಕಿದ್ದು ಯಾವಾಗ? ಫೋರ್ಡ್ 2016ರ ಅಕ್ಟೋಬರ್ 7, ಟೊಯೋಟಾ 2017ರ ಅಕ್ಟೋಬರ್ 3, ಹೋಲ್ಡನ್ 2017ರ ಅಕ್ಟೋಬರ್ 20. ಅಂದರೆ ಕೆಲಸಗಾರರಿಗೆ ಮೂರು ವರ್ಷಕ್ಕೂ ಹೆಚ್ಚು ಸಮಯ ಸಿಕ್ಕಿತು. ಅಲ್ಲಿನ ಕೇಂದ್ರ ಸರ್ಕಾರ 15.5 ಕೋಟಿ ಆಸ್ಟ್ರೇಲಿಯನ್ ಡಾಲರಿನ ಗ್ರೋತ್ ಫಂಡ್ ಮಾಡಿತು. ಅದರಲ್ಲಿ ಒಂದು ಭಾಗ ಕೆಲಸಗಾರರ ತರಬೇತಿಗೆ, ಇನ್ನೊಂದು ಭಾಗ ಬಿಡಿಭಾಗ ಕಂಪನಿಗಳು ಬೇರೆ ಸಾಮಾನು ತಯಾರಿಸಲು ಕಲಿಯುವುದಕ್ಕೆ ಹೋಯಿತು. ಕಾರ್ಖಾನೆಯ ಒಳಗೇ ಕೇಂದ್ರ ತೆರೆದು, ಸಂಬಳ ಬರುತ್ತಿರುವಾಗಲೇ ಹೊಸ ಕೆಲಸದ ತರಬೇತಿ ಕೊಟ್ಟರು, ಅರ್ಜಿ ಬರೆಯುವುದನ್ನು ಹೇಳಿಕೊಟ್ಟರು. ಹತ್ತು ಹದಿನೈದು ವರ್ಷ ಅದೇ ಮಿಷನ್ ಮುಂದೆ ನಿಂತವರಿಗೆ ತಮಗೆ ಏನೇನು ಬರುತ್ತದೆ ಅಂತ ಬರೆಯುವುದೇ ಕಷ್ಟ. ಇದು ಎಲ್ಲ ದೇಶಕ್ಕೂ ಒಂದೇ.

ಅಲ್ಲೂ ಎಲ್ಲ ಸುಖವಾಗಿ ಮುಗಿಯಲಿಲ್ಲ. ದೊಡ್ಡ ಕಾರ್ಖಾನೆಯವರಿಗೆ ಸಿಕ್ಕ ನೆರವು ಸಣ್ಣ ಬಿಡಿಭಾಗ ಕಂಪನಿಯವರಿಗೆ ಅದೇ ಮಟ್ಟಕ್ಕೆ ತಲುಪಲಿಲ್ಲ. ಇಂಗ್ಲೆಂಡಿನಲ್ಲಿ 2005ರ ಏಪ್ರಿಲ್‌ನಲ್ಲಿ ಎಂಜಿ ರೋವರ್ ಇದ್ದಕ್ಕಿದ್ದಂತೆ ಬಿದ್ದುಹೋಗಿ ಸುಮಾರು 6,000 ಜನ ಬೀದಿಗೆ ಬಂದರು. ಆಮೇಲಿನ ವರ್ಷಗಳಲ್ಲಿ ಹೆಚ್ಚಿನವರಿಗೆ ಕೆಲಸ ಏನೋ ಸಿಕ್ಕಿತು, ಆದರೆ ಬಹಳ ಜನರ ಸಂಬಳ ಹಿಂದಿಗಿಂತ ಕಡಿಮೆ ಆಯಿತು. ಯುರೋಪಿನಲ್ಲಿ 2007ರಿಂದ ಒಂದು ವಿಶೇಷ ನಿಧಿ ಇದೆ. ಜಾಗತೀಕರಣದಿಂದ ಒಟ್ಟಿಗೆ ನೂರಾರು ಜನ ಕೆಲಸ ಕಳೆದುಕೊಂಡಾಗ ಆ ಹಣ ಕಂಪನಿಗೆ ಹೋಗುವುದಿಲ್ಲ, ಕೆಲಸಗಾರರ ಮರುತರಬೇತಿಗೆ, ಹೊಸ ಕೆಲಸ ಹುಡುಕಲು ಹೋಗುತ್ತದೆ. ಅದರ ಮೊದಲ ಫಲಾನುಭವಿಗಳಲ್ಲಿ ಫ್ರಾನ್ಸಿನ ಪ್ಯೂಜೋ, ರೆನೋ ಕಂಪನಿಗಳಿಗೆ ಬಿಡಿಭಾಗ ಕೊಡುತ್ತಿದ್ದ ಕಾರ್ಖಾನೆಗಳ ಜನರಿದ್ದರು, ನಿಮ್ಮ ಯಜಮಾನರಂಥವರು.

ನಮ್ಮಲ್ಲಿ ಒಟ್ಟಾರೆ ಕಾರು ಉದ್ಯಮ ಇಳಿಯುತ್ತಿಲ್ಲ. 2024-25ರಲ್ಲಿ ಸುಮಾರು 43 ಲಕ್ಷ ಪ್ರಯಾಣಿಕ ವಾಹನ ಮಾರಾಟವಾಗಿದೆ, ಅದು ಅಲ್ಲಿಯವರೆಗಿನ ದಾಖಲೆ. ಇಳಿಯುವುದು ಅದರೊಳಗಿನ ಕೆಲವು ಭಾಗ. ಎಲೆಕ್ಟ್ರಿಕ್ ಕಾರಿಗೆ ಪಿಸ್ಟನ್ ಬೇಡ, ಕ್ಲಚ್ ಬೇಡ, ಸೈಲೆನ್ಸರ್ ಬೇಡ, ಡೀಸೆಲ್ ಪಂಪ್ ಬೇಡ. ಈ ಬದಲಾವಣೆಗೆ ಸರ್ಕಾರ ಹಣ ಕೊಡುತ್ತಿಲ್ಲ ಅಂತ ಹೇಳುವ ಹಾಗೇ ಇಲ್ಲ. ವಾಹನ ಉದ್ಯಮದ ಉತ್ಪಾದನಾ ಪ್ರೋತ್ಸಾಹಕ್ಕೆ ಕೇಂದ್ರ 2021ರಲ್ಲಿ 25,938 ಕೋಟಿ ಇಟ್ಟಿತು. ಎಲೆಕ್ಟ್ರಿಕ್ ವಾಹನಕ್ಕಾಗಿ 2024ರಲ್ಲಿ ಪಿಎಂ ಇ-ಡ್ರೈವ್‌ಗೆ 10,900 ಕೋಟಿ ಇಟ್ಟಿತು. ಎಲೆಕ್ಟ್ರಿಕ್ ವಾಹನ ನೀತಿ ತಂದ ಮೊದಲ ರಾಜ್ಯ ಕರ್ನಾಟಕವೇ, 2017ರಲ್ಲಿ. ಹೊಸ ಕಾರ್ಖಾನೆ ಕಟ್ಟುವವರಿಗೆ, ಹೊಸ ವಾಹನ ಕೊಳ್ಳುವವರಿಗೆ ನೆರವಿದೆ. ಹಳೆಯ ಎಂಜಿನ್ ಭಾಗ ಮಾಡುತ್ತಾ ಕೂತ 35 ವರ್ಷದ ಆಪರೇಟರ್‌ಗೆ ಅಂತ ಅಷ್ಟೇ ಗಟ್ಟಿಯಾದ ಒಂದು ಯೋಜನೆ ಇಲ್ಲ. ಇದೇ ನನ್ನ ಆಕ್ಷೇಪ. 15 ದಿನದ ವೇತನದ ಮರುಕೌಶಲ ನಿಧಿ, ನಿಮ್ಮ ಲೆಕ್ಕದಲ್ಲಿ 7,800 ರೂಪಾಯಿ, ಯಾವ ಹೊಸ ವಿದ್ಯೆ ಕಲಿಯಲು ಸಾಲುತ್ತದೆ? ಅದೂ ಕೆಲಸ ಹೋದಮೇಲೆ ಬರುವ ಹಣ. ಕಾಫಿ ಬೆಳೆಯುವವರಿಗೆ ಬೇರೆ ಹೇಳಬೇಕಾಗಿಲ್ಲ: ಹೂಮಳೆ ಬರಬೇಕಾದಾಗ ಬರಬೇಕು, ತಡವಾಗಿ ಎಷ್ಟು ಸುರಿದರೂ ಆ ವರ್ಷದ ಫಸಲು ಬರುವುದಿಲ್ಲ.

ಸರ್ಕಾರ ಮನಸ್ಸು ಮಾಡಿದರೆ ಮಧ್ಯೆ ಬರಬಹುದು ಅನ್ನುವುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆ ಇದೆ. ಗುಜರಾತಿನ ಸಾನಂದದ ಫೋರ್ಡ್ ಕಾರ್ಖಾನೆಯನ್ನು ಟಾಟಾದವರು 725.7 ಕೋಟಿಗೆ ಕೊಂಡು 2023ರ ಜನವರಿಯಲ್ಲಿ ವಹಿಸಿಕೊಂಡರು. ರಾಜ್ಯ ಸರ್ಕಾರವೂ ಆ ಒಪ್ಪಂದದ ಪಾಲುದಾರ. ಅರ್ಹರಾದ ಹಳೆಯ ಕೆಲಸಗಾರರಿಗೆ ಹೊಸ ಕಂಪನಿಯಲ್ಲಿ ಕೆಲಸ ಕೊಡುವುದು ಒಪ್ಪಂದದೊಳಗೇ ಇತ್ತು. ಪುಣೆ ಹತ್ತಿರ ತಳೇಗಾಂವ್‌ನ ಜನರಲ್ ಮೋಟಾರ್ಸ್ ಕಾರ್ಖಾನೆ ಹ್ಯುಂಡೈ ಕೈಗೆ ಹೋಯಿತು, ಅಲ್ಲಿನ ಹಳೆಯ ಕೆಲಸಗಾರರು ಮಾತ್ರ ಹೋರಾಟ ಮಾಡುತ್ತಲೇ ಉಳಿದರು. ಎರಡೂ ಕಾರ್ಖಾನೆಗಳು ಉಳಿದವು, ಜನ ಉಳಿದದ್ದು ಒಂದರಲ್ಲಿ.

ಮಾವನವರ ಮಾತಿಗೆ ಬರುತ್ತೇನೆ. ತೋಟ ಇದೆ ಅನ್ನುವುದು ಧೈರ್ಯ, ನಿಜ. ಆದರೆ ಕೊಡಗಿನ ಹುಡುಗರು ಬೇರೆಯವರಿಗಿಂತ ಬೇಗ ಸಹಿ ಹಾಕುವುದಕ್ಕೂ ಅದೇ ಕಾರಣ. ‘ಹೇಗೂ ಮನೆಗೆ ಹೋದರೆ ಊಟಕ್ಕೆ ಇದೆ’ ಅನ್ನುವ ಧೈರ್ಯದಲ್ಲಿ 11 ವರ್ಷದ ಹಕ್ಕನ್ನು ಬಿಟ್ಟುಬರುತ್ತಾರೆ. ಒಂದೂವರೆ ಎಕರೆಯಲ್ಲಿ ಒಂದು ಸಂಸಾರ ನಡೆಸುವುದು ಕಾಫಿಗೆ ಬೆಲೆ ಇರುವ ವರ್ಷ ಆದೀತು, ಬೆಲೆ ಇಳಿದ ವರ್ಷ ಕಷ್ಟ. ಊರಿಗೆ ಬರಲಿ, ಬೇಡ ಅನ್ನುವುದಿಲ್ಲ. ಬರಬೇಕಾದ ಹಣ ತೆಗೆದುಕೊಂಡು ಬರಲಿ.

ಬಂದಮೇಲೆ ಅವರ ಕೈಗೆಲಸಕ್ಕೆ ಇಲ್ಲಿ ಬೇಡಿಕೆ ಇದೆ. ತೋಟದ ಕೆಲಸಕ್ಕೆ ಆಳು ಸಿಗದೆ ಎಲ್ಲರೂ ಮಿಷನ್ ತಂದಿಟ್ಟುಕೊಂಡಿದ್ದಾರೆ: ಕಳೆ ಕೊಚ್ಚುವ ಮಿಷನ್, ಸ್ಪ್ರೇಯರ್, ಪಲ್ಪರ್, ಗುಂಡಿ ತೆಗೆಯುವ ಮಿಷನ್, ಸ್ಪ್ರಿಂಕ್ಲರ್ ಪಂಪು. ಕೆಟ್ಟಾಗ ಸರಿಮಾಡುವವರು ಕಡಿಮೆ. ಕಾಫಿ ಕೊಯ್ಲಿನ ಸಮಯದಲ್ಲಿ ಪಲ್ಪರ್ ಕೈಕೊಟ್ಟರೆ ಬೆಳೆಗಾರ ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ. ಎಂಜಿನ್ ಭಾಗವನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆದು ಮಾಡಿದ ಕೈಗೆ ಇದು ಬೇಗ ಹಿಡಿಯುವ ವಿದ್ಯೆ. ಮೋಟಾರ್ ವೈಂಡಿಂಗ್‌ನಂಥದ್ದು ಕಲಿಯಬೇಕಿದ್ದರೆ ಮೈಸೂರಿನ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ, ವಸತಿ ಸಮೇತ ಉಚಿತ ತರಬೇತಿ ಇದೆ.

ಸಣ್ಣ ವರ್ಕ್‌ಶಾಪ್ ಹಾಕುವುದಾದರೆ ಪಿಎಂಇಜಿಪಿ (ಸ್ವಂತ ಉದ್ಯಮ ಶುರುಮಾಡುವವರಿಗೆ ಕೇಂದ್ರದ ಯೋಜನೆ) ಸಾಲದ ಬಗ್ಗೆ ಮಡಿಕೇರಿಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಹಳ್ಳಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 25, ಮಹಿಳೆಯರಿಗೆ ಶೇ 35 ಸಬ್ಸಿಡಿ ಇರುವ ಯೋಜನೆ ಅದು. ಆದ್ದರಿಂದ ಅರ್ಜಿ ನಿಮ್ಮ ಹೆಸರಲ್ಲಿ ಹಾಕುವುದನ್ನು ಯೋಚಿಸಿ, ನೀವೂ ನಿಜವಾಗಿ ಅದರಲ್ಲಿ ತೊಡಗುವುದಾದರೆ. ಕಾಫಿ ಹುರಿದು ಪುಡಿ ಮಾಡಿ ಮಾರುವ ಯೋಚನೆ ಇದ್ದರೆ ಕಿರು ಆಹಾರ ಉದ್ಯಮಗಳ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ 35, ಹೆಚ್ಚೆಂದರೆ 10 ಲಕ್ಷದವರೆಗೆ ಸಬ್ಸಿಡಿ ಇದೆ. ಅರ್ಜಿ ಕಾಲ ಚಾಲ್ತಿಯಲ್ಲಿದೆಯಾ ಅಂತ ಅಲ್ಲೇ ಕೇಳಿ. ಗ್ರಾಚ್ಯುಟಿ ಹಣವನ್ನೆಲ್ಲ ಮೊದಲ ತಿಂಗಳೇ ಶೆಡ್ಡು, ಮಿಷನ್ನಿಗೆ ಸುರಿಯಬೇಡಿ. ಆರು ತಿಂಗಳ ಮನೆಖರ್ಚು ಬೇರೆ ಇಟ್ಟು ಆಮೇಲೆ ಕೈಹಾಕಿ.

ಬೇರೆ ಕಂಪನಿಗೆ ಅರ್ಜಿ ಹಾಕುವಾಗ ಒಂದು ವಿಷಯ ಗೊತ್ತಿರಲಿ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಇರುವ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಲ್ಲಿ ಹೆಚ್ಚುವರಿಯಾಗಿ ಸೇರಿಸಿಕೊಂಡ ಪ್ರತಿ ನೌಕರನಿಗೆ ಮಾಲೀಕರಿಗೆ ತಿಂಗಳಿಗೆ 3,000 ರೂಪಾಯಿವರೆಗೆ ಪ್ರೋತ್ಸಾಹಧನ ಸಿಗುತ್ತದೆ. ಹಳೆಯ ಪಿಎಫ್ ಖಾತೆ ಇರುವವರನ್ನು ಸೇರಿಸಿಕೊಂಡರೂ ಸಿಗುತ್ತದೆ. ಸಣ್ಣ ಕಂಪನಿಯವರಿಗೆ ಇದು ಗೊತ್ತೇ ಇರುವುದಿಲ್ಲ. ಇಂಟರ್‌ವ್ಯೂನಲ್ಲಿ ನಿಮ್ಮ ಯಜಮಾನರೇ ಹೇಳಬಹುದು.

ಈ ವಾರ ಮಾಡಬೇಕಾದದ್ದು ಇಷ್ಟು. ಅಪಾಯಿಂಟ್‌ಮೆಂಟ್ ಆರ್ಡರ್, ಕಳೆದ ವರ್ಷದ ಪೇ ಸ್ಲಿಪ್, ಐಡಿ ಕಾರ್ಡ್, ಇಎಸ್‌ಐ ಕಾರ್ಡ್, ಇವೆಲ್ಲದರ ಫೋಟೊ ತೆಗೆದು ನಿಮ್ಮ ಮೊಬೈಲಿಗೂ ಕಳಿಸಿಕೊಳ್ಳಿ. ಆಧಾರ್, ಬ್ಯಾಂಕ್ ಖಾತೆ, ಯುಎಎನ್ ಮೂರರಲ್ಲೂ ಹೆಸರು, ಹುಟ್ಟಿದ ದಿನಾಂಕ ಒಂದೇ ಇದೆಯಾ ನೋಡಿ. ಮನೆತನದ ಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದೆ ಕ್ಲೇಮ್ ನಿಂತುಹೋಗುವುದು ಕೊಡಗಿನವರಿಗೆ ಹೊಸದಲ್ಲ. ಕಂಪನಿಯಲ್ಲಿ ಇರುವಾಗಲೇ ಎಚ್‌ಆರ್‌ನಿಂದ ಸರಿಪಡಿಸುವುದು ಸುಲಭ. ಎಚ್‌ಆರ್ ಮತ್ತೆ ಕರೆದರೆ ಜಗಳ ಬೇಡ, ‘ನಾನು ರಾಜೀನಾಮೆ ಕೊಡುವುದಿಲ್ಲ, ತೆಗೆಯುವುದಾದರೆ ರಿಟ್ರೆಂಚ್‌ಮೆಂಟ್ ಆರ್ಡರ್ ಕೊಡಿ’ ಅಂದರೆ ಸಾಕು. ಅದನ್ನೇ ಇಮೇಲಿನಲ್ಲೂ ಬರೆಯಲಿ. ಮತ್ತೆ, ಒಬ್ಬರೇ ಹೋಗಬೇಡಿ. ಒಬ್ಬೊಬ್ಬರನ್ನೇ ಕರೆಯುವುದು ಅವರು ಒಬ್ಬೊಬ್ಬರಾಗಿಯೇ ಉಳಿಯಲಿ ಅಂತ. ಸಹಿ ಹಾಕದ ಹತ್ತು ಜನ ಸೇರಿ ಒಂದೇ ಅರ್ಜಿ ಬರೆದು ರಾಮನಗರದ ಲೇಬರ್ ಆಫೀಸಿಗೆ ಕೊಟ್ಟರೆ ಅಧಿಕಾರಿ ಕಂಪನಿಯನ್ನು ಮಾತುಕತೆಗೆ ಕರೆಯುತ್ತಾರೆ. ಮೂರು ತಿಂಗಳ ಸಂಬಳ ಅಂದವರು ಎಷ್ಟಕ್ಕೆ ಏರುತ್ತಾರೆ ಅನ್ನುವುದು ಆ ಮೇಜಿನ ಮೇಲೆ ಗೊತ್ತಾಗುತ್ತದೆ. ಆ ಮೊತ್ತ ಬಂದಾಗ ಮತ್ತೆ ಬರೆಯಿರಿ, ಒಪ್ಪಬಹುದಾ ಬೇಡವಾ ಅಂತ ಲೆಕ್ಕ ಹಾಕಿ ಹೇಳುತ್ತೇನೆ.